ಫೋಟೊ ಕ್ಯಾಮೆರಾದಲ್ಲಿ ಶಾಲಾ ನಾಟಕ ಹಿಡಿಯುವಾಗ

ಫೋಟೊ ಕ್ಯಾಮೆರಾ ಹುಟ್ಟಿದ್ದು ಒಂದು ಗಳಿಗೆಗಾಗಿ. ಬೆಳಕು ಅಳೆಯುತ್ತದೆ, ಫೋಕಸ್ ಕೂರಿಸುತ್ತದೆ, ಕ್ಲಿಕ್ ಅನ್ನುತ್ತದೆ. ಮುಂದಿನ ಚಿತ್ರಕ್ಕೆ ಲೆಕ್ಕವೆಲ್ಲ ಮತ್ತೆ ಮೊದಲಿನಿಂದ. ಅದೇ ಯಂತ್ರವನ್ನು ನಲವತ್ತು ನಿಮಿಷದ ಮಕ್ಕಳ ನಾಟಕದ ಮುಂದೆ ನಿಲ್ಲಿಸಿ ವಿಡಿಯೊ ಗುಂಡಿ ಒತ್ತಿದರೆ ಆ ಲೆಕ್ಕಾಚಾರ ನಿಲ್ಲುವುದೇ ಇಲ್ಲ. ಬಿಳಿ ಬಟ್ಟೆ ತೊಟ್ಟ ಪಾತ್ರ ಬಂದರೆ ಉಳಿದವರೆಲ್ಲ ಕಪ್ಪಾಗುತ್ತಾರೆ. ದೀಪ ಇಳಿದರೆ ಕತ್ತಲೆಯೇ ಬೂದುಬಣ್ಣಕ್ಕೆ ತಿರುಗಿ ಕಾಳುಕಾಳಾಗುತ್ತದೆ. ಮುಂದಿನ ಸಾಲಿನಲ್ಲಿ ಯಾರೋ ತಲೆ ಎತ್ತಿದರೆ ಫೋಕಸ್ ಅವರ ಕಿವಿಗೆ ಹೋಗಿ ಕೂರುತ್ತದೆ. ಆದ್ದರಿಂದ ಪ್ರತಿ ಸಲವೂ ನಮ್ಮ ಕೆಲಸ ಒಂದೇ: ಕ್ಯಾಮೆರಾ ತಾನಾಗಿ ತೀರ್ಮಾನಿಸಬಹುದಾದ ಪ್ರತಿಯೊಂದನ್ನೂ ಪರದೆ ಏಳುವ ಮೊದಲೇ ಅದರ ಕೈಯಿಂದ ಕಿತ್ತುಕೊಳ್ಳುವುದು. ಧ್ವನಿಯನ್ನಂತೂ ಅದಕ್ಕೆ ಬಿಡುವುದೇ ಇಲ್ಲ.

ಮೊದಲು ಒಪ್ಪಿಗೆಯ ವಿಷಯ. ವೇದಿಕೆಯ ಮೇಲೆ ನಮ್ಮ ಮಗುವಿನ ಜೊತೆ ಬೇರೆ ಮನೆಗಳ ಮಕ್ಕಳೂ ಇರುತ್ತಾರೆ. ಶಾಲೆಯವರನ್ನು ಕೇಳದೆ ಟ್ರೈಪಾಡ್ ಬಿಚ್ಚಬಾರದು. ಕೇಳುವಾಗಲೇ ವಿಡಿಯೊ ಯಾರ ಕೈಗೆ ಹೋಗುತ್ತದೆ, ಅಂತರ್ಜಾಲಕ್ಕೆ ಏರುತ್ತದೆಯೇ ಇಲ್ಲವೇ ಎಂಬುದನ್ನೂ ಹೇಳಿಬಿಡಬೇಕು. ತಮ್ಮ ಮಗುವಿನ ಮುಖ ಎಲ್ಲೂ ಕಾಣಿಸಬಾರದು ಎಂದು ಕೇಳಿಕೊಂಡ ಮನೆಯವರು ಇರಬಹುದು, ಅವರಿಗೆ ಅದಕ್ಕೆ ಗಟ್ಟಿ ಕಾರಣವೂ ಇರಬಹುದು. ಪ್ರಕಟವಾದ ನಾಟಕವಾದರೆ ಆಡುವ ಅನುಮತಿ ಬೇರೆ, ಚಿತ್ರೀಕರಿಸುವ ಅನುಮತಿ ಬೇರೆ. ಇಷ್ಟನ್ನು ನಾಟಕದ ಹೊಣೆ ಹೊತ್ತ ಶಿಕ್ಷಕರ ಜೊತೆ ಒಂದು ವಾರ ಮೊದಲೇ ಮಾತಾಡಿಕೊಂಡರೆ ಎಲ್ಲಿ ನಿಲ್ಲಬಹುದು ಎಂಬುದೂ ಆಗಲೇ ಇತ್ಯರ್ಥವಾಗುತ್ತದೆ.

ವೇಷ, ದೀಪ ಎರಡೂ ಇರುವ ಕೊನೆಯ ತಾಲೀಮಿಗೆ ಹೋಗಲೇಬೇಕು. ಬರಿಗೈಯಲ್ಲಿ ಹೋಗಿ ನೋಡಿ ಬಂದರೆ ಸಾಲದು. ಕ್ಯಾಮೆರಾ, ಟ್ರೈಪಾಡ್, ಧ್ವನಿ ರೆಕಾರ್ಡರ್ ಎಲ್ಲವನ್ನೂ ಒಯ್ದು, ಪ್ರದರ್ಶನದ ದಿನ ನಿಲ್ಲುವ ಜಾಗದಲ್ಲೇ ಹೂಡಿ, ಹತ್ತು ನಿಮಿಷವಾದರೂ ದಾಖಲಿಸಿ ಮನೆಯ ದೊಡ್ಡ ಪರದೆಯ ಮೇಲೆ ನೋಡಬೇಕು. ಕ್ಯಾಮೆರಾದ ಮೂರು ಇಂಚಿನ ಪರದೆ ಎಲ್ಲವನ್ನೂ ಚಂದ ತೋರಿಸುತ್ತದೆ. ಮುಖದ ಮೇಲಿನ ಬೆಳಕು ಹೆಚ್ಚಾಗಿ ಮೂಗು ಕೆನ್ನೆಗಳೆಲ್ಲ ಬಿಳಿಯ ಒಂದೇ ಹಾಳೆಯಾಗಿರುವುದು ಮನೆಗೆ ಬಂದ ಮೇಲೇ ಗೊತ್ತಾಗುವುದು. ತಾಲೀಮಿನಲ್ಲೇ ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕಾದವು: ಯಾರು ಯಾವ ಪಕ್ಕದಿಂದ ಬರುತ್ತಾರೆ, ದೀಪ ಪೂರ್ತಿ ಆರುವುದು ಎಷ್ಟು ನಿಮಿಷಕ್ಕೆ, ಯಾರಾದರೂ ಸಭಿಕರ ನಡುವಿನಿಂದ ವೇದಿಕೆಗೆ ಹೋಗುತ್ತಾರೆಯೇ, ಹಾಡು ಯಾವಾಗ. ಆ ಚೀಟಿಯ ಬೆಲೆ ಪ್ರದರ್ಶನದ ದಿನ ತಿಳಿಯುತ್ತದೆ.

ಜಾಗದ ಬಗ್ಗೆ ಹೆಚ್ಚಿನವರ ಊಹೆ ತಪ್ಪು. ಮುಂದಿನ ಸಾಲು ಒಳ್ಳೆಯದಲ್ಲ. ಅಲ್ಲಿಂದ ಕ್ಯಾಮೆರಾ ಮಕ್ಕಳನ್ನು ಕೆಳಗಿನಿಂದ ನೋಡುತ್ತದೆ, ಹಿಂದೆ ನಿಂತವರು ಮುಂದಿನವರಲ್ಲಿ ಮುಚ್ಚಿಹೋಗುತ್ತಾರೆ, ವೇದಿಕೆಯ ಎರಡು ತುದಿಗಳು ಒಂದೇ ಚೌಕಟ್ಟಿಗೆ ಸೇರುವುದಿಲ್ಲ. ಸಭಾಂಗಣದ ಹಿಂಭಾಗದಲ್ಲಿ, ನಟ್ಟನಡುವೆ, ಕುಳಿತವರ ತಲೆಗಳಿಗಿಂತ ಮೇಲೆ ಲೆನ್ಸ್ ಬರುವ ಹಾಗೆ ನಿಂತರೆ ಇಡೀ ಆಟ ಕಾಣುತ್ತದೆ. ನೆಲ ಸಮತಟ್ಟಾಗಿದ್ದರೆ ಲೆನ್ಸ್ ಸುಮಾರು 1.7 ಮೀಟರ್ ಎತ್ತರದಲ್ಲಿರಬೇಕಾಗುತ್ತದೆ. ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟುವವರೆಗೆ ಅಷ್ಟು ಸಾಕು. ಹೊರಹೋಗುವ ಬಾಗಿಲಿಗೂ ಓಡಾಡುವ ದಾರಿಗೂ ಟ್ರೈಪಾಡಿನ ಕಾಲು ಅಡ್ಡ ಬರಬಾರದು. ಮರದ ನೆಲಹಾಸಿದ್ದರೆ ಪಕ್ಕದಲ್ಲಿ ಯಾರು ನಡೆದರೂ ಚಿತ್ರ ನಡುಗುತ್ತದೆ. ಅಂಥಲ್ಲಿ ಗೋಡೆಗೆ ಹತ್ತಿರ ಸರಿದು, ಟ್ರೈಪಾಡಿನ ನಡುಕಂಬಕ್ಕೆ ಚೀಲ ತೂಗಿಬಿಟ್ಟು, ಆ ಚೀಲ ನೆಲಕ್ಕೆ ತುಸು ತಾಗಿರುವಂತೆ ಮಾಡಿದರೆ ನಡುಕ ಸಾಕಷ್ಟು ಇಳಿಯುತ್ತದೆ.

ಅಷ್ಟು ದೂರದಿಂದ ಯಾವ ಲೆನ್ಸ್ ಬೇಕು ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. ಸೆನ್ಸರಿನ (ಲೆನ್ಸಿನ ಹಿಂದೆ ಬೆಳಕು ಹಿಡಿಯುವ ಫಲಕದ) ಅಗಲವನ್ನು ವೇದಿಕೆಗಿರುವ ದೂರದಿಂದ ಗುಣಿಸಿ, ಚೌಕಟ್ಟಿನಲ್ಲಿ ಹಿಡಿಯಬೇಕಾದ ಅಗಲದಿಂದ ಭಾಗಿಸಿದರೆ ಬೇಕಾದ ಲೆನ್ಸಿನ ಫೋಕಲ್ ಲೆಂಗ್ತ್, ಅಂದರೆ ಅದರ ಮೇಲೆ ಬರೆದಿರುವ ಮಿಲಿಮೀಟರ್ ಸಂಖ್ಯೆ, ಸಿಗುತ್ತದೆ. ಎಪಿಎಸ್-ಸಿ ಎಂಬ, ಪೂರ್ಣ ಫ್ರೇಮಿಗಿಂತ ಚಿಕ್ಕ ಸೆನ್ಸರಿನ ಅಗಲ ಸುಮಾರು 23.5 ಮಿಲಿಮೀಟರ್. ವೇದಿಕೆ 12 ಮೀಟರ್ ದೂರದಲ್ಲಿದ್ದು 8 ಮೀಟರ್ ಅಗಲವಿದ್ದರೆ 35 ಮಿಲಿಮೀಟರ್ ಬರುತ್ತದೆ. ಕ್ಯಾಮೆರಾ ಜೊತೆಗೇ ಬರುವ 18–55 ಲೆನ್ಸ್ ಸಾಕು. ಪೂರ್ಣ ಫ್ರೇಮಿನ 36 ಮಿಲಿಮೀಟರ್ ಸೆನ್ಸರಿಗೆ ಅದೇ ಲೆಕ್ಕ 54. ಇಬ್ಬರು ಮಕ್ಕಳ ಮಾತುಕತೆಯನ್ನು 2 ಮೀಟರ್ ಅಗಲದ ಚೌಕಟ್ಟಿನಲ್ಲಿ ಹಿಡಿಯಬೇಕೆಂದರೆ ಎಪಿಎಸ್-ಸಿಗೆ 140 ಬೇಕಾಗುತ್ತದೆ, ಅಂದರೆ 55–200ರ ಥರದ್ದು. ಇಲ್ಲಿ ಒಂದು ಎಡವಟ್ಟಿದೆ. ಕೆಲವು ಕ್ಯಾಮೆರಾಗಳು 4ಕೆ (1080 ಎಂಬ ಸಾಮಾನ್ಯ ಎಚ್‌ಡಿ ಅಳತೆಯ ಎರಡರಷ್ಟು ಅಗಲ, ಎತ್ತರದ) ವಿಡಿಯೊಗೆ ಸೆನ್ಸರಿನ ನಡುಭಾಗವನ್ನಷ್ಟೇ ಬಳಸುತ್ತವೆ. ನಡುಕ ತಗ್ಗಿಸುವ ಎಲೆಕ್ಟ್ರಾನಿಕ್ ಸ್ಟೆಬಿಲೈಸೇಶನ್ ಹಾಕಿದರೆ ಇನ್ನಷ್ಟು ಕತ್ತರಿಸುತ್ತವೆ. ಫೋಟೊದಲ್ಲಿ ಇಡೀ ವೇದಿಕೆ ಕಂಡಿತ್ತು, ವಿಡಿಯೊದಲ್ಲಿ ಎರಡು ಬದಿ ಹೋಯಿತು ಎಂಬುದಕ್ಕೆ ಕಾರಣ ಇದೇ. ತಾಲೀಮಿನಲ್ಲಿ ವಿಡಿಯೊ ಮೋಡಿಗೆ ಹಾಕಿಯೇ ಅಗಲ ನೋಡಿಕೊಳ್ಳಬೇಕು.

ಟ್ರೈಪಾಡಿನ ತಲೆ ನಯವಾಗಿ ತಿರುಗುವ ಫ್ಲೂಯಿಡ್ ಹೆಡ್ ಆಗಿರಲಿ. ಫೋಟೊದವರು ಬಳಸುವ ಬಾಲ್ ಹೆಡ್‌ನಲ್ಲಿ ಗುಂಡು ಸಡಿಲಿಸಿದರೆ ಎಲ್ಲ ದಿಕ್ಕಿಗೂ ವಾಲುತ್ತದೆ, ಬಿಗಿಸಿದರೆ ಕದಲುವುದಿಲ್ಲ. ಎಡಬಲಕ್ಕೆ ನಯವಾಗಿ ತಿರುಗಿಸಲು ಆಗುವುದೇ ಇಲ್ಲ. ಅದೊಂದೇ ಇದ್ದರೆ ಚೌಕಟ್ಟು ಅಗಲವಾಗಿಟ್ಟು ಪೂರ್ತಿ ಬಿಗಿದುಬಿಡುವುದು ಮೇಲು. ಲೆನ್ಸಿನ ಸ್ಟೆಬಿಲೈಸೇಶನ್ ಟ್ರೈಪಾಡಿನ ಮೇಲೆ ಆಫ್ ಮಾಡಬೇಕು; ಇಲ್ಲವಾದರೆ ಕೆಲವು ಲೆನ್ಸುಗಳಲ್ಲಿ ಚಿತ್ರ ತಾನಾಗಿಯೇ ನಿಧಾನಕ್ಕೆ ತೇಲಾಡುತ್ತದೆ.

ಬೆಳಕು. ವೇದಿಕೆಯ ನಡುವೆ ಬೆಳಗುವ ಮುಖಗಳು, ಸುತ್ತ ಕಪ್ಪು ಪರದೆ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಇಡೀ ಚೌಕಟ್ಟನ್ನು ಸರಾಸರಿ ತೆಗೆದು ಕಪ್ಪನ್ನು ಬೂದುಬಣ್ಣ ಮಾಡಲು ಹೊರಡುತ್ತದೆ, ಆ ದಾರಿಯಲ್ಲಿ ಮುಖ ಸುಟ್ಟುಹೋಗುತ್ತದೆ. ಹೀಗೆ ಬೆಳ್ಳಗಾದ ಮುಖದಲ್ಲಿ ಎಡಿಟಿಂಗಿನಲ್ಲಿ ಮರಳಿ ತರಲು ಏನೂ ಉಳಿದಿರುವುದಿಲ್ಲ; ತುಸು ಕಪ್ಪಾದದ್ದನ್ನು ಎತ್ತಬಹುದು. ಹಾಗಾಗಿ ಮೋಡ್ ಡಯಲ್ ಎಂ (ಮ್ಯಾನುಯಲ್) ಅಕ್ಷರಕ್ಕೆ, ಆಟೊ ಐಎಸ್‌ಒ (ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಎಂಬ ಸಂಖ್ಯೆ) ಆಫ್. ಸೆಕೆಂಡಿಗೆ 25 ಫ್ರೇಮ್ ದಾಖಲಿಸುವಾಗ ಶಟರ್, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು, 1/50 ಸೆಕೆಂಡ್, 30 ಫ್ರೇಮ್ ಆದರೆ 1/60. ಫ್ರೇಮಿನ ಅವಧಿಯ ಅರ್ಧದಷ್ಟು ತೆರೆದರೆ ಮಕ್ಕಳ ಓಟ, ಕುಣಿತ ಕಣ್ಣಿಗೆ ಸಹಜವಾಗಿ ಕಾಣುತ್ತದೆ. ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ) ಬಗ್ಗೆ ಒಂದು ಎಚ್ಚರಿಕೆ. 3.5–5.6 ಎಂದು ಬರೆದಿರುವ ಲೆನ್ಸಿನಲ್ಲಿ ಪೂರ್ತಿ ತೆರೆದು ಇಟ್ಟರೆ ಜೂಮ್ ಮಾಡುತ್ತಿದ್ದಂತೆ ಚಿತ್ರ ಮಂಕಾಗುತ್ತ ಹೋಗುತ್ತದೆ. ಮೊದಲೇ 5.6ಕ್ಕೆ ಇಟ್ಟುಬಿಟ್ಟರೆ ಆ ಏರಿಳಿತ ಇಲ್ಲ. ಉಳಿದದ್ದನ್ನು ಐಎಸ್‌ಒ ಮೇಲೆ ಹಾಕುವುದು. 1600 ಬಂದರೂ ಹೆದರಬೇಕಿಲ್ಲ, ಸುಟ್ಟ ಮುಖಕ್ಕಿಂತ ಸಣ್ಣ ಕಾಳು ಎಷ್ಟೋ ಮೇಲು.

ಎಷ್ಟು ಐಎಸ್‌ಒ ಎಂಬುದನ್ನು ತಾಲೀಮಿನಲ್ಲಿ ಅತಿ ಪ್ರಕಾಶದ ದೃಶ್ಯ ನೋಡಿ ನಿರ್ಧರಿಸಬೇಕು. ತೀರ ಬೆಳಕಾದ ಜಾಗಗಳ ಮೇಲೆ ಜೀಬ್ರಾ ಗೆರೆ ತೋರಿಸುವ ಕ್ಯಾಮೆರಾ ಆದರೆ ಅದನ್ನು ಶೇಕಡ 95ರ ಆಸುಪಾಸಿಗೆ ಇಟ್ಟು, ಬಿಳಿ ಬಟ್ಟೆಯ ಅಂಚಿನಲ್ಲಿ ಮಾತ್ರ ಗೆರೆ ಮಿನುಗಿ ಮುಖದ ಮೇಲೆ ಒಂದೂ ಬಾರದಂತೆ ಐಎಸ್‌ಒ ಇಳಿಸುತ್ತ ಬರುವುದು. ಜೀಬ್ರಾ ಇಲ್ಲದಿದ್ದರೆ ಒಂದು ಫೋಟೊ ತೆಗೆದು, ಮುಖಕ್ಕೆ ಜೂಮ್ ಮಾಡಿ, ಸುಟ್ಟ ಜಾಗ ಮಿನುಗಿಸುವ ಎಚ್ಚರಿಕೆ ನೋಡಿದರೂ ಆದೀತು. ಕತ್ತಲ ದೃಶ್ಯಗಳು ಕತ್ತಲಾಗಿಯೇ ಬರಲಿ. ನಾಟಕದ ಬೆಳಕು ಇಳಿದದ್ದು ನೋಡುವವರಿಗೆ ಇಳಿದಂತೆ ಕಾಣಿಸಬೇಕಾದದ್ದೇ. ನಡುವೆ ಐಎಸ್‌ಒ ತಿರುಗಿಸುವ ಕೈಯಾಟ ಒಂದು ಹೆಜ್ಜೆ ಹಾರಿದಂತೆ ಚಿತ್ರದಲ್ಲಿ ಎದ್ದು ಕಾಣುತ್ತದೆ, ಜೊತೆಗೆ ಗುಂಡಿಯ ಸದ್ದೂ ಸೇರುತ್ತದೆ.

ಎಲ್‌ಇಡಿ ದೀಪಗಳ ಮಿನುಗು ಬೇರೆಯದೇ ಕಾಟ. ಪರದೆಯ ಮೇಲೆ ಅಡ್ಡಪಟ್ಟಿಗಳು ಮೇಲೆ ಕೆಳಗೆ ಹರಿಯುತ್ತವೆ. ಕರೆಂಟು 50 ಹರ್ಟ್ಸ್ ಇರುವ ಕಡೆ 1/50 ಅಥವಾ 1/100, 60 ಹರ್ಟ್ಸ್ ಇರುವ ಕಡೆ 1/60 ಅಥವಾ 1/120 ಇಟ್ಟರೆ ಕರೆಂಟಿನಿಂದ ಬರುವ ಮಿನುಗು ಹೋಗುತ್ತದೆ. ಆದರೆ ಎಲ್‌ಇಡಿಯನ್ನು ಮಂಕು ಮಾಡುವಾಗ ಬಹಳಷ್ಟು ದೀಪಗಳು ನಿಜವಾಗಿ ಮಂಕಾಗುವುದಿಲ್ಲ, ವೇಗವಾಗಿ ಹತ್ತಿ ಆರುತ್ತಿರುತ್ತವೆ. ಆ ವೇಗಕ್ಕೂ ಕರೆಂಟಿಗೂ ಸಂಬಂಧವಿಲ್ಲ. ಅಂಥಲ್ಲಿ ಶಟರನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಬದಲಿಸಲು ಬಿಡುವ ಕ್ಯಾಮೆರಾ ಇದ್ದರೆ ಪಟ್ಟಿ ನಿಲ್ಲುವ ಜಾಗ ಹುಡುಕಬಹುದು. ಇಲ್ಲವಾದರೆ ದೀಪ ನೋಡಿಕೊಳ್ಳುವವರ ಬಳಿ ಹೋಗಿ, ಆ ಒಂದು ದೀಪವನ್ನು ತುಸು ಹೆಚ್ಚಿಸಲು ಆಗುತ್ತದೆಯೇ ಎಂದು ವಿನಯದಿಂದ ಕೇಳುವುದೇ ದಾರಿ. ತಾಲೀಮಿಗೆ ಹೋಗಿರಲೇಬೇಕು ಎಂದದ್ದು ಇದಕ್ಕೂ ಸೇರಿ.

ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು) ಆಟೊದಲ್ಲಿದ್ದರೆ ಕೆಂಪು ದೀಪ ಬಿದ್ದ ಕೂಡಲೇ ಕ್ಯಾಮೆರಾ ಅದನ್ನು ಸರಿಪಡಿಸಲು ಹೊರಟು ಮುಖಗಳನ್ನು ಹಸಿರುನೀಲಿ ಮಾಡುತ್ತದೆ. ಹಳೆಯ ಹ್ಯಾಲೊಜೆನ್ ದೀಪಗಳಾದರೆ 3200 ಕೆಲ್ವಿನ್. ಎಲ್‌ಇಡಿ ಆದರೆ ಬಣ್ಣವಿಲ್ಲದ ಬಿಳಿ ಬೆಳಕಿನ ದೃಶ್ಯದಲ್ಲಿ ಬಿಳಿ ಹಾಳೆ ಹಿಡಿಸಿ ಅಳೆದುಕೊಂಡು ಆ ಸಂಖ್ಯೆಯನ್ನು ಕೈಯಾರೆ ಕೂರಿಸುವುದು. ಗಾಢ ನೀಲಿಯ ದೃಶ್ಯಕ್ಕೆ ಇನ್ನೊಂದು ಎಚ್ಚರ: ಅಲ್ಲಿ ನೀಲಿ ಚಾನೆಲ್ ಒಂದೇ ತುಂಬಿ ತುಳುಕಿ ಮುಖದ ಗೆರೆಗಳೆಲ್ಲ ಅಳಿಸಿಹೋಗುತ್ತವೆ, ಆದರೆ ಬೆಳಕಿನ ಹಂಚಿಕೆ ತೋರಿಸುವ ಸಾಮಾನ್ಯ ಹಿಸ್ಟೊಗ್ರಾಮ್ ನಕ್ಷೆ ಎಲ್ಲ ಸರಿ ಇದೆ ಎನ್ನುತ್ತದೆ. ಮೂರು ಬಣ್ಣ ಬೇರೆ ಬೇರೆ ತೋರಿಸುವ ಹಿಸ್ಟೊಗ್ರಾಮ್ ನೋಡಬೇಕು. ಪಿಕ್ಚರ್ ಸ್ಟೈಲಿನಲ್ಲಿ ಕಾಂಟ್ರಾಸ್ಟ್, ಶಾರ್ಪ್‌ನೆಸ್ ಎರಡನ್ನೂ ಇಳಿಸಿದರೆ ಕಪ್ಪು ಪರದೆ, ಬೆಳಗುವ ಮುಖ ಎರಡೂ ಉಳಿಯುತ್ತವೆ. ಆಮೇಲೆ ಬಣ್ಣ ತಿದ್ದಲೆಂದು ಚಿತ್ರವನ್ನು ಪೇಲವವಾಗಿ ದಾಖಲಿಸುವ ಲಾಗ್ ಪ್ರೊಫೈಲಿನ ಆಸೆ ಬೇಡ. ಬಣ್ಣದ ಮೆಟ್ಟಿಲುಗಳು ಕಡಿಮೆ ಇರುವ 8 ಬಿಟ್ ವಿಡಿಯೊದಲ್ಲಿ ಮಂಕು ಬೆಳಕಿನ ಲಾಗ್ ಎಳೆದು ಸರಿಮಾಡಲು ಹೋದರೆ ಕಪ್ಪು ಜಾಗವೆಲ್ಲ ತೇಪೆ ತೇಪೆಯಾಗುತ್ತದೆ.

ಫೋಕಸ್ ಕೈಯಲ್ಲಿ. ಅಗಲದ ಚೌಕಟ್ಟಿಗೆ ಇದು ಕೇಳಿದಷ್ಟು ಕಷ್ಟವಲ್ಲ. ಎಪಿಎಸ್-ಸಿಯಲ್ಲಿ 50 ಮಿಲಿಮೀಟರ್ ಲೆನ್ಸಿನ ಅಪರ್ಚರನ್ನು ಎಫ್ 4ಕ್ಕೆ ಇಟ್ಟು 12 ಮೀಟರಿಗೆ ಫೋಕಸ್ ಮಾಡಿದರೆ ಸುಮಾರು 9 ಮೀಟರಿನಿಂದ 19 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಇಡೀ ವೇದಿಕೆ ಅದರೊಳಗೆ ಬಂತು. ಅದೇ 140 ಮಿಲಿಮೀಟರಿಗೆ ಹೋದರೆ ಎಫ್ 5.6ರಲ್ಲೂ ಸ್ಪಷ್ಟ ಇರುವ ಆಳ ಒಂದೂವರೆ ಮೀಟರ್ ಚಿಲ್ಲರೆ, ಮಗು ಎರಡು ಹೆಜ್ಜೆ ಮುಂದೆ ಬಂದರೆ ಮಸುಕು. ಹತ್ತಿರದ ಚೌಕಟ್ಟು ಹಿಡಿಯುವವರು ಕೈಯನ್ನು ಫೋಕಸ್ ರಿಂಗಿನಿಂದ ತೆಗೆಯುವಂತಿಲ್ಲ. ಇನ್ನೂ ಒಂದು ಮಾತು: ಫೋಟೊ ಲೆನ್ಸುಗಳಲ್ಲಿ ಬಹುಪಾಲು ಜೂಮ್ ತಿರುಗಿಸಿದರೆ ಫೋಕಸ್ ಜಾಗ ಬಿಡುತ್ತದೆ. ಜೂಮ್ ಪೂರ್ತಿ ಎಳೆದು ಫೋಕಸ್ ಮಾಡಿ ಹಿಂದಕ್ಕೆ ಬರುವ ಹಳೆಯ ಅಭ್ಯಾಸ ಸಿನಿಮಾ ಲೆನ್ಸುಗಳದ್ದು. ಇಲ್ಲಿ ಯಾವ ಅಳತೆಯಲ್ಲಿ ಹಿಡಿಯುತ್ತೇವೋ ಅದೇ ಅಳತೆಯಲ್ಲಿ, ಪರದೆಯ ಚಿತ್ರವನ್ನು ಐದು ಅಥವಾ ಹತ್ತು ಪಟ್ಟು ಹಿಗ್ಗಿಸಿ, ವೇದಿಕೆಯ ನಡುವೆ ನಿಂತ ಮಗುವಿನ ಕಣ್ಣಿಗೆ ಕೂರಿಸಬೇಕು. ಕಣ್ಣು ಗುರುತಿಸಿ ಹಿಂಬಾಲಿಸುವ ಹೊಸ ಕ್ಯಾಮೆರಾಗಳ ಫೋಕಸ್ ಬಹಳ ಒಳ್ಳೆಯದು ನಿಜ. ಆದರೆ ಮುಖವಾಡ, ಗಡ್ಡ ಮೀಸೆ, ಬಣ್ಣ ಬಳಿದ ಮುಖಗಳು ಸಾಲಾಗಿ ನಿಂತಾಗ ಅದು ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ದೀಪ ಆರಿದಾಗ ದಿಕ್ಕೆಟ್ಟು ಹಿಂದೆಮುಂದೆ ಓಡುತ್ತದೆ.

ಎಷ್ಟು ಹೊತ್ತು ಓಡುತ್ತದೆ ಎಂಬುದು ಫೋಟೊ ಕ್ಯಾಮೆರಾಗಳ ಹಳೆಯ ದೌರ್ಬಲ್ಯ. 2008ರಲ್ಲಿ ವಿಡಿಯೊ ಸೌಲಭ್ಯದೊಡನೆ ಬಂದ ಮೊದಲ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ, ಲೆನ್ಸ್ ಬದಲಿಸಬಹುದಾದ ಫೋಟೊ ಕ್ಯಾಮೆರಾ), ನಿಕಾನ್ ಡಿ90, ಹೈ ಡೆಫಿನಿಶನ್ನಿನಲ್ಲಿ ಒಮ್ಮೆಗೆ 5 ನಿಮಿಷ ದಾಖಲಿಸುತ್ತಿತ್ತು. ಅದೇ ವರ್ಷದ ಕ್ಯಾನನ್ 5ಡಿ ಮಾರ್ಕ್ 2 ಫೈಲು 4 ಜಿಬಿ ತಲುಪಿದಾಗ, ಅಂದರೆ ಸುಮಾರು 12 ನಿಮಿಷಕ್ಕೆ ನಿಲ್ಲುತ್ತಿತ್ತು. ಆಮೇಲೆ ಬಂದ ಬಹಳಷ್ಟು ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ನಿಲ್ಲುತ್ತವೆ. ಅದಕ್ಕೆ ಕಾರಣ ತಂತ್ರಜ್ಞಾನವಲ್ಲ; ಒಂದೇ ಓಟಕ್ಕೆ 30 ನಿಮಿಷ ದಾಖಲಿಸಬಲ್ಲ ಯಂತ್ರವನ್ನು ಯುರೋಪಿಯನ್ ಒಕ್ಕೂಟದ ಸುಂಕದ ನಿಯಮ ವಿಡಿಯೊ ಕ್ಯಾಮೆರಾ ಎಂದು ಲೆಕ್ಕ ಹಾಕಿ ಹೆಚ್ಚು ಸುಂಕ ಕೇಳುತ್ತಿತ್ತು. ಈಚಿನ ಮಾದರಿಗಳಲ್ಲಿ ಹಲವು ಈ ಮಿತಿ ಬಿಟ್ಟಿವೆ. ಕೈಯಲ್ಲಿರುವ ಕ್ಯಾಮೆರಾ ಯಾವ ಗುಂಪಿನದು ಎಂದು ಕೈಪಿಡಿ ನೋಡಿಯೂ ತಿಳಿಯಬಹುದು, ಆದರೆ ಮನೆಯಲ್ಲಿ ಮೇಜಿನ ಮೇಲಿಟ್ಟು ಒಂದು ಗಂಟೆ ಓಡಿಸಿಬಿಟ್ಟರೆ ಮಿತಿ, ಬಿಸಿ, ಬ್ಯಾಟರಿ, ಕಾರ್ಡು ಎಲ್ಲ ಒಟ್ಟಿಗೆ ಗೊತ್ತಾಗುತ್ತದೆ.

ಮಿತಿ ಇರುವ ಕ್ಯಾಮೆರಾದಲ್ಲಿ ನಿಲ್ಲಿಸುವ ಜಾಗವನ್ನು ನಾವೇ ಆರಿಸಿಕೊಳ್ಳುತ್ತೇವೆ. 29 ನಿಮಿಷಕ್ಕೆ ಅದಾಗಿ ನಿಂತರೆ ಅದು ನಮ್ಮ ಮಗುವಿನ ಮಾತಿನ ನಡುವೆಯೇ ಆದೀತು. ತಾಲೀಮಿನ ಚೀಟಿಯಲ್ಲಿ ಬರೆದುಕೊಂಡ ಕತ್ತಲ ಜಾಗಗಳಲ್ಲಿ 18 ಮತ್ತು 25 ನಿಮಿಷಗಳ ನಡುವೆ ಬರುವ ಒಂದನ್ನು ಹಿಡಿದು, ಚಪ್ಪಾಳೆ ಬೀಳುತ್ತಿರುವಾಗ ನಿಲ್ಲಿಸಿ, ಮತ್ತೆ ಶುರು ಮಾಡಬೇಕು. ಗುಂಡಿಯನ್ನು ಬೆನ್ನುಬೆನ್ನಿಗೇ ಎರಡು ಸಲ ಒತ್ತಬಾರದು. ಹಿಂದಿನ ಫೈಲು ಬರೆದು ಮುಗಿಯುವವರೆಗೆ ಎರಡನೆಯ ಒತ್ತನ್ನು ಕ್ಯಾಮೆರಾ ಕೇಳಿಸಿಕೊಳ್ಳದೇ ಇರಬಹುದು. ಕೆಂಪು ಚುಕ್ಕಿ ಬಂದಿದೆ, ಸೆಕೆಂಡುಗಳು ಎಣಿಸುತ್ತಿವೆ ಎಂದು ಕಣ್ಣಾರೆ ಕಂಡ ಮೇಲೇ ಕೈ ತೆಗೆಯುವುದು. ಇಡೀ ಕೆಲಸದಲ್ಲಿ ಅತಿ ಹೆಚ್ಚು ನಾಟಕಗಳನ್ನು ನುಂಗಿದ ತಪ್ಪು ಇದೇ: ಓಡುತ್ತಿದೆ ಎಂದುಕೊಂಡಾಗ ನಿಂತಿರುತ್ತದೆ, ಮುಗಿಯಿತೆಂದು ನಿಲ್ಲಿಸಲು ಒತ್ತಿದಾಗ ಶುರುವಾಗುತ್ತದೆ, ಮನೆಗೆ ಬಂದು ನೋಡಿದರೆ ಚೀಲದ ಒಳಭಾಗದ ಚಿತ್ರ.

ಕಾರ್ಡಿನ ಲೆಕ್ಕ ಸುಲಭ. ಸೆಕೆಂಡಿಗೆ 50 ಮೆಗಾಬಿಟ್ ದರದ ವಿಡಿಯೊ ಗಂಟೆಗೆ 22.5 ಜಿಬಿ, 100 ಮೆಗಾಬಿಟ್ ಆದರೆ 45 ಜಿಬಿ. ಒಂದು ಗಂಟೆಯ ಕಾರ್ಯಕ್ರಮಕ್ಕೆ 4ಕೆಯಲ್ಲಿ 64 ಜಿಬಿ ಸಾಲುತ್ತದೆ, ನೆಮ್ಮದಿಗೆ 128. ವಿ30 ಎಂದು ಬರೆದ ಕಾರ್ಡು ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುತ್ತದೆ. ಈ ದರಗಳಿಗೆ ಅದು ಧಾರಾಳ. ನಾಟಕಕ್ಕೆ 4ಕೆ ಏಕೆಂದರೆ, ಕೊನೆಗೆ 1080ಕ್ಕೆ ಇಳಿಸುವಾಗ ಎರಡು ಪಟ್ಟು ಹತ್ತಿರ ಕತ್ತರಿಸಿದರೂ ಗುಣ ಕೆಡುವುದಿಲ್ಲ. ಕ್ಯಾಮೆರಾ ಬಿಗಿದಿಟ್ಟು ಆಮೇಲೆ ಹತ್ತಿರದ ಚೌಕಟ್ಟನ್ನು ಎಡಿಟಿಂಗಿನಲ್ಲಿ ಮಾಡಿಕೊಳ್ಳಬಹುದು. ಆದರೆ 4ಕೆಯಲ್ಲಿ ಕ್ಯಾಮೆರಾ ಬಿಸಿಯಾಗುವುದೂ ಹೆಚ್ಚು. ತಿರುಗುವ ಪರದೆಯನ್ನು ಮೈಯಿಂದ ದೂರಕ್ಕೆ ತೆರೆದಿಡುವುದು, ವೈಫೈ ಬ್ಲೂಟೂತ್ ಆಫ್ ಮಾಡುವುದು, ನಾಟಕಕ್ಕೆ ಮೊದಲು ಅರ್ಧ ಗಂಟೆ ಸುಮ್ಮನೆ ಆನ್ ಮಾಡಿ ಇಡದಿರುವುದು, ಇಷ್ಟರಿಂದ ಸಾಕಷ್ಟು ಅಂತರ ಬೀಳುತ್ತದೆ. ಮನೆಯ ಪರೀಕ್ಷೆಯಲ್ಲೇ ಬಿಸಿಯ ಎಚ್ಚರಿಕೆ ಬಂದಿದ್ದರೆ ಯೋಚನೆ ಬೇಡ, 1080ಕ್ಕೆ ಇಳಿಸಿಬಿಡುವುದು.

ಬ್ಯಾಟರಿಗಳು ಎರಡಾದರೂ ಇರಲಿ, ವಿರಾಮದಲ್ಲಿ ಅರ್ಧ ಉಳಿದಿದ್ದರೂ ಬದಲಿಸಿಬಿಡಬೇಕು. ಬ್ಯಾಟರಿ ಜಾಗದಲ್ಲಿ ಕೂರುವ ಡಮ್ಮಿ ಬ್ಯಾಟರಿಯಿಂದ ನೇರ ಕರೆಂಟು ಕೊಡಬಹುದು, ಆದರೆ ಕತ್ತಲಲ್ಲಿ ಯಾರ ಕಾಲಿಗಾದರೂ ತಂತಿ ಸಿಕ್ಕಿದರೆ ಕ್ಯಾಮೆರಾ ಒಮ್ಮೆಲೇ ಸತ್ತು ಫೈಲು ಮುಚ್ಚದೆ ಉಳಿಯುತ್ತದೆ. ಎಂಪಿ4 ಫೈಲಿನಲ್ಲಿ ಯಾವ ಫ್ರೇಮ್ ಎಲ್ಲಿದೆ ಎಂಬ ಸೂಚಿಯನ್ನು ಸಾಮಾನ್ಯವಾಗಿ ಕೊನೆಗೆ ಬರೆಯಲಾಗುತ್ತದೆ. ಅದಿಲ್ಲದಿದ್ದರೆ 20 ಜಿಬಿ ಇದ್ದರೂ ಯಾವ ಪ್ಲೇಯರಿನಲ್ಲೂ ತೆರೆಯುವುದಿಲ್ಲ. ತಂತಿಯನ್ನು ನೆಲಕ್ಕೆ ಅಗಲದ ಟೇಪಿನಿಂದ ಅಂಟಿಸಲು ಆಗದಿದ್ದರೆ ಬ್ಯಾಟರಿಯೇ ಲೇಸು.

ಇನ್ನು ಧ್ವನಿ. ನಮ್ಮ ಮಟ್ಟಿಗೆ ಅರ್ಧಕ್ಕಿಂತ ಹೆಚ್ಚು ಶ್ರಮ ಹೋಗಬೇಕಾದದ್ದು ಇಲ್ಲಿಗೆ. ಚಿತ್ರ ತುಸು ಕಾಳಾದರೂ ಅಜ್ಜ ಅಜ್ಜಿ ಖುಷಿಯಾಗಿ ನೋಡುತ್ತಾರೆ. ಮಗು ಏನಂದಿತು ಎಂದು ಕೇಳದಿದ್ದರೆ ಐದು ನಿಮಿಷಕ್ಕೆ ಎದ್ದುಹೋಗುತ್ತಾರೆ. ಕ್ಯಾಮೆರಾದ ಮೈಕು ಹಿಂದಿನ ಸಾಲಿನಲ್ಲಿದೆ. ದೂರ ಎರಡು ಪಟ್ಟಾದರೆ ಬಾಯಿಂದ ನೇರ ಬರುವ ದನಿ 6 ಡೆಸಿಬೆಲ್ ಇಳಿಯುತ್ತದೆ; 2 ಮೀಟರಿನಿಂದ 16 ಮೀಟರಿಗೆ ಮೂರು ಸಲ ದುಪ್ಪಟ್ಟು, ಅಂದರೆ 18 ಡೆಸಿಬೆಲ್ ಇಳಿತ. ಆದರೆ ಗೋಡೆ ಚಾವಣಿಗಳಿಂದ ಮರುಕಳಿಸುವ ಗುಂಯ್‌ಗುಡುವ ಸದ್ದು ಅಷ್ಟು ಇಳಿಯುವುದಿಲ್ಲ, ಪಕ್ಕದವರ ಪಿಸುಮಾತಂತೂ ಇಳಿಯುವುದೇ ಇಲ್ಲ. ಮೈಕಿನ ಬಲ ಹೆಚ್ಚಿಸಿದರೆ ಎಲ್ಲವೂ ಒಟ್ಟಿಗೆ ಹೆಚ್ಚುತ್ತದೆ. ಎದುರಿನ ದನಿಯನ್ನೇ ಹೆಚ್ಚಾಗಿ ಹಿಡಿಯುವ ಉದ್ದದ ಶಾಟ್‌ಗನ್ ಮೈಕನ್ನು ಕ್ಯಾಮೆರಾದ ಮೇಲೆ ಕೂರಿಸಿದರೂ ಮರುದನಿ ಏಳುವ ಸಭಾಂಗಣದಲ್ಲಿ ಅಂಥ ಫಲವಿಲ್ಲ. ಪರಿಹಾರ ಒಂದೇ, ಮೈಕನ್ನು ಮಕ್ಕಳ ಬಳಿಗೆ ಒಯ್ಯುವುದು.

ಸಣ್ಣ ಡಿಜಿಟಲ್ ರೆಕಾರ್ಡರನ್ನು ವೇದಿಕೆಯ ಮುಂಭಾಗದ ನಡುವೆ, ಮೋಟು ಸ್ಟ್ಯಾಂಡಿನ ಮೇಲೆ, ಸ್ಪಂಜಿನ ತುಂಡಿನ ಮೇಲಿಟ್ಟು ನಿಲ್ಲಿಸುತ್ತೇವೆ. ಸ್ಟ್ಯಾಂಡು ವೇದಿಕೆಯ ಹಲಗೆಗೆ ತಾಗದೆ ಕೆಳಗಿನ ನೆಲದ ಮೇಲೆ ನಿಂತರೆ ಕುಣಿತದ ಧಡ್ ಧಡ್ ಬರುವುದಿಲ್ಲ. 80 ಹರ್ಟ್ಸಿಗಿಂತ ಕೆಳಗಿನ ಗುಡುಗುಡು ಸದ್ದು ತಗ್ಗಿಸುವ ಲೋ ಕಟ್ ಆನ್, ಗುಣಮಟ್ಟ 48 ಕಿಲೊಹರ್ಟ್ಸ್ 24 ಬಿಟ್. ಧ್ವನಿವರ್ಧಕದ ಪೆಟ್ಟಿಗೆಯ ನೇರ ಎದುರಿಗೆ ಇಡಬಾರದು. ಮಟ್ಟವನ್ನು ತಾನೇ ಹೊಂದಿಸುವ ಆಟೊ ಗೇನ್ ಕ್ಯಾಮೆರಾ, ರೆಕಾರ್ಡರ್ ಎರಡು ಕಡೆಯೂ ಆಫ್: ಅದು ಆನ್ ಇದ್ದರೆ ಮೌನದಲ್ಲಿ ಫ್ಯಾನಿನ ಸದ್ದು ಮೇಲೇಳುತ್ತ ಬಂದು, ಯಾರಾದರೂ ಕೂಗಿದ ತಕ್ಷಣ ಕುಸಿದು, ಆ ನಂತರದ ಮೆಲುಮಾತನ್ನು ನುಂಗುತ್ತದೆ. ತಾಲೀಮಿನ ಅತಿ ಜೋರಿನ ಹಾಡಿಗೆ ಮೀಟರಿನ ತುದಿ ಮೈನಸ್ 12 ಡೆಸಿಬೆಲ್ ಮುಟ್ಟುವಂತೆ ಇಟ್ಟು, ಪ್ರದರ್ಶನಕ್ಕೆ ಇನ್ನೂ 6 ಇಳಿಸುತ್ತೇವೆ. ಸಭಾಂಗಣ ತುಂಬಿದಾಗ ಮಕ್ಕಳು ಇನ್ನಷ್ಟು ಜೋರಾಗುತ್ತಾರೆ, ಚಪ್ಪಾಳೆಯ ಲೆಕ್ಕವೇ ಬೇರೆ. 24 ಬಿಟ್‌ನಲ್ಲಿ ಮೆಲ್ಲಗೆ ದಾಖಲಾದದ್ದನ್ನು ಆಮೇಲೆ ಎತ್ತಬಹುದು, ಒಡೆದದ್ದನ್ನು ಕೂಡಿಸಲಾಗದು.

ವೇದಿಕೆಗೆ ಮೈಕುಗಳಿದ್ದು ಅವುಗಳ ದನಿ ಬೆರೆಸುವ ಮಿಕ್ಸರ್ ಇದ್ದರೆ ಅದರಿಂದಲೂ ಒಂದು ತಂತಿ ತೆಗೆದುಕೊಳ್ಳಬಹುದು, ಆದರೆ ಅದನ್ನೇ ನಂಬಿ ಕೂರಬಾರದು. ಮಿಕ್ಸರಿನಲ್ಲಿ ಮೈಕಿನ ಮುಂದೆ ಆಡಿದ ಮಾತಷ್ಟೇ ಇರುತ್ತದೆ. ಮೈಕು ಮರೆತು ದೂರ ನಿಂತ ಮಗು, ಸಭಿಕರ ನಗು ಅದರಲ್ಲಿರುವುದಿಲ್ಲ. ಮಿಕ್ಸರಿನ ಲೈನ್ ಮಟ್ಟದ (ಮೈಕಿನದಕ್ಕಿಂತ ಬಹಳ ಬಲವಾದ) ಸಂಕೇತವನ್ನು ಕ್ಯಾಮೆರಾದ ಮೈಕ್ ತೂತಿಗೆ ನೇರ ಚುಚ್ಚಿದರೆ ಗೇನ್ ಎಷ್ಟೇ ಇಳಿಸಿದರೂ ಒಡಕು ದನಿ ಬರುತ್ತದೆ; ನಡುವೆ ಅದನ್ನು ತಗ್ಗಿಸುವ ಅಟೆನ್ಯುಯೇಟರ್ ತಂತಿ ಬೇಕು, ಇಲ್ಲವೇ ಲೈನ್ ಇನ್ ಇರುವ ರೆಕಾರ್ಡರಿಗೆ ಕೊಡಬೇಕು. ಕ್ಯಾಮೆರಾದ ಸ್ವಂತ ಮೈಕನ್ನು ಆಫ್ ಮಾಡಬೇಡಿ. ಅದರ ದನಿ ಎರಡು ಕೆಲಸಕ್ಕೆ ಬೇಕು: ರೆಕಾರ್ಡರಿನ ದನಿಯನ್ನು ಚಿತ್ರಕ್ಕೆ ಜೋಡಿಸಲು, ಮತ್ತು ಸಭೆಯ ನಗು ಚಪ್ಪಾಳೆಗಳನ್ನು ತೆಳುವಾಗಿ ಬೆರೆಸಲು.

ಪ್ರದರ್ಶನದ ದಿನ ಒಂದು ಗಂಟೆ ಮೊದಲು ತಲುಪಿ ಎಲ್ಲ ಹೂಡಿ, ಬೀಪ್ ಸದ್ದು, ಫೋಕಸಿನ ಸಹಾಯಕ ದೀಪ, ತಾನಾಗಿ ಆರುವ ವ್ಯವಸ್ಥೆ ಇವನ್ನೆಲ್ಲ ಆಫ್ ಮಾಡಿ, ಪರದೆಯ ಬೆಳಕನ್ನು ಹಿಂದೆ ಕುಳಿತವರ ಕಣ್ಣಿಗೆ ಕುಕ್ಕದಷ್ಟು ಇಳಿಸುತ್ತೇವೆ. ರೆಕಾರ್ಡರನ್ನು ಪರದೆ ಏಳುವ ಹತ್ತು ನಿಮಿಷ ಮೊದಲೇ ಶುರು ಮಾಡಿ ಅದರ ಪಾಡಿಗೆ ಬಿಡುವುದು. ಅದರ ಬಳಿ ನಿಂತು, ಕ್ಯಾಮೆರಾ ಓಡುತ್ತಿರುವಾಗ, ಕೈಗಳು ಕಾಣುವಂತೆ ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಬೇಕು. ಕೊನೆಯಲ್ಲಿ ಮಕ್ಕಳು ಇಳಿದ ಮೇಲೆ ಇನ್ನೊಮ್ಮೆ. ಎರಡು ಯಂತ್ರಗಳ ಗಡಿಯಾರ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಗಂಟೆಯ ಕೊನೆಗೆ 0.18 ಸೆಕೆಂಡ್, ಅಂದರೆ ನಾಲ್ಕೂವರೆ ಫ್ರೇಮ್ ಜಾರಿ ತುಟಿಗೂ ಮಾತಿಗೂ ಹೊಂದಿಕೆ ತಪ್ಪುತ್ತದೆ. ಎರಡನೆಯ ಚಪ್ಪಾಳೆ ಆ ಜಾರುವಿಕೆಯನ್ನು ಅಳೆಯಲು.

ನಾಟಕ ನಡೆಯುವಾಗ ಕೆಲಸ ಕಡಿಮೆ ಇದ್ದಷ್ಟೂ ಒಳ್ಳೆಯದು. ಚೌಕಟ್ಟಿನ ಬದಿಗಳಲ್ಲಿ ತುಸು ಜಾಗ ಬಿಟ್ಟಿರಬೇಕು, ಮಕ್ಕಳು ತಾಲೀಮಿನ ಗುರುತಿನ ಮೇಲೇ ನಿಲ್ಲುತ್ತಾರೆಂಬ ಭರವಸೆಯಿಲ್ಲ. ಜೂಮ್ ಬದಲಿಸುವುದಿದ್ದರೆ ದೃಶ್ಯಗಳ ನಡುವೆ. ಯಾರಾದರೂ ವೇದಿಕೆ ದಾಟಿ ಹೋಗುವಾಗ ಅವರ ಜೊತೆ ತಿರುಗಬಹುದು, ಆದರೆ ನಿಧಾನವಾಗಿ. ಈ ಕ್ಯಾಮೆರಾಗಳ ಸೆನ್ಸರ್ ಸಾಲುಸಾಲಾಗಿ ಓದುವುದರಿಂದ ಬೀಸಿ ತಿರುಗಿಸಿದರೆ ಕಂಬ ಬಾಗಿಲುಗಳು ಓರೆಯಾಗುತ್ತವೆ. ಅದೇ ಕಾರಣಕ್ಕೆ ಸಭೆಯಲ್ಲಿ ಯಾರಾದರೂ ಫ್ಲಾಶ್ ಹೊಡೆದರೆ ಒಂದು ಫ್ರೇಮಿನ ಅರ್ಧ ಭಾಗ ಮಾತ್ರ ಬಿಳಿಚುತ್ತದೆ. ಎಡಿಟಿಂಗಿನಲ್ಲಿ ಆ ಫ್ರೇಮ್ ಕಿತ್ತು ಪಕ್ಕದ ಫ್ರೇಮಿನ ನಕಲು ಇಟ್ಟರೆ ಯಾರಿಗೂ ತಿಳಿಯುವುದಿಲ್ಲ. ಎಲ್ಲಕ್ಕಿಂತ ಕಷ್ಟದ್ದು ನಮ್ಮ ಮಗುವಿನ ಹಿಂದೆಯೇ ಕ್ಯಾಮೆರಾ ಓಡದಂತೆ ನೋಡಿಕೊಳ್ಳುವುದು. ಮಾತಾಡುತ್ತಿರುವವರನ್ನು ಬಿಟ್ಟು ಮೂಲೆಯಲ್ಲಿ ಮರವಾಗಿ ನಿಂತ ಮಗುವಿಗೆ ಜೂಮ್ ಮಾಡಿದರೆ ನಾಟಕವೂ ಹೋಯಿತು, ಆ ಮಗು ಯಾವುದಕ್ಕೆ ನಕ್ಕಿತೆಂಬುದೂ ಹೋಯಿತು. ಮಗುವಿನ ಹತ್ತಿರದ ಚಿತ್ರ ಬೇಕೇ ಬೇಕೆಂದಿದ್ದರೆ ಮನೆಯ ಇನ್ನೊಬ್ಬರು ಬೇರೆ ಕ್ಯಾಮೆರಾದಲ್ಲೋ ಫೋನಿನಲ್ಲೋ ಅದೊಂದನ್ನೇ ಹಿಡಿಯಲಿ, ಅಗಲದ ಚೌಕಟ್ಟು ಅಲುಗದೆ ನಿಂತಿರಲಿ.

ಮುಗಿದ ಮೇಲೆ ಕಾರ್ಡಿನ ಬರಹದ ದೀಪ ಆರುವವರೆಗೆ ಕಾದು, ಕಾರ್ಡು ತೆಗೆದ ಕೂಡಲೇ ಪಕ್ಕದ ಸಣ್ಣ ಬೀಗವನ್ನು ಕೆಳಕ್ಕೆ ಸರಿಸುತ್ತೇವೆ. ಕಂಪ್ಯೂಟರಿಗೆ ಒಂದು ಪ್ರತಿ, ಬೇರೆ ಡಿಸ್ಕಿಗೆ ಇನ್ನೊಂದು. ಉದ್ದದ ದಾಖಲೆಯನ್ನು ಹಲವು ಕ್ಯಾಮೆರಾಗಳು 4 ಜಿಬಿ ತುಂಡುಗಳಾಗಿ ಬರೆಯುತ್ತವೆ. ವಿಡಿಯೊ ಫೈಲುಗಳನ್ನಷ್ಟೇ ಆರಿಸಿ ಎಳೆಯದೆ ಕಾರ್ಡಿನ ಇಡೀ ಫೋಲ್ಡರನ್ನು ಹಾಗೆಯೇ ನಕಲು ಮಾಡಬೇಕು, ಎವಿಸಿಎಚ್‌ಡಿ ಎಂಬ ಮಾದರಿಯ ದಾಖಲೆಗಳಲ್ಲಂತೂ ತುಂಡುಗಳನ್ನು ಬಿರುಕಿಲ್ಲದೆ ಕೂಡಿಸುವ ಮಾಹಿತಿ ಆ ಫೋಲ್ಡರಿನಲ್ಲೇ ಇದೆ. ಮುಚ್ಚದೆ ಉಳಿದ ಫೈಲು ಸಿಕ್ಕಿದರೆ ಕಾರ್ಡಿಗೆ ಮತ್ತೇನೂ ಬರೆಯಬಾರದು. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗಿನಲ್ಲಿ ತೆಗೆದ ಒಳ್ಳೆಯ ಫೈಲನ್ನು ಮಾದರಿಯಾಗಿ ಕೊಟ್ಟರೆ ಸೂಚಿಯನ್ನು ಮತ್ತೆ ಕಟ್ಟುವ ಅನ್‌ಟ್ರಂಕ್ ಎಂಬ ಉಚಿತ ತಂತ್ರಾಂಶವಿದೆ. ಆ ಮಾದರಿಗಾಗಿಯೇ ತಾಲೀಮಿನ ವಿಡಿಯೊವನ್ನು ಅಳಿಸದೆ ಇಟ್ಟುಕೊಳ್ಳುವುದು.

ಜೋಡಿಸುವಾಗ ಒಂದು ಸೂಕ್ಷ್ಮ. ತಂತ್ರಾಂಶಕ್ಕೆ ಹೇಳಿದರೆ ಅದು ರೆಕಾರ್ಡರಿನ ದನಿಯನ್ನು ಕ್ಯಾಮೆರಾದ ದನಿಗೆ ಕರಾರುವಾಕ್ಕಾಗಿ ಕೂರಿಸುತ್ತದೆ. ಆದರೆ ಕ್ಯಾಮೆರಾಗೆ ದನಿ ತಲುಪಿದ್ದೇ ತಡವಾಗಿ: ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, 15 ಮೀಟರಿಗೆ 44 ಮಿಲಿಸೆಕೆಂಡ್, 25 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮಿಗಿಂತ ತುಸು ಹೆಚ್ಚು. ಹಾಗೆ ಕೂರಿಸಿದ ಮೇಲೆ ರೆಕಾರ್ಡರಿನ ದನಿಯನ್ನು ಒಂದು ಫ್ರೇಮ್ ಮುಂಚೆ ಸರಿಸಿ, ಚಪ್ಪಾಳೆಯ ಕೈಗಳು ಕೂಡುವ ಫ್ರೇಮಿಗೆ ಹೊಂದಿಸಿ ನೋಡಿದರೆ ತುಟಿ ಸರಿಯಾಗುತ್ತದೆ. ಕ್ಯಾಮೆರಾದ ದನಿಯನ್ನು ಅದರ ಕೆಳಗೆ 15 ಡೆಸಿಬೆಲ್ಲಿನಷ್ಟು ಇಳಿಸಿ, ಮಾತಿನ ಜಾಗಗಳಲ್ಲಿ ಪೂರ್ತಿ ತೆಗೆದು, ನಗು ಚಪ್ಪಾಳೆಗಳಲ್ಲಿ ಮಾತ್ರ ಬಿಡುವುದು. ಹಂಚಲು 1080, ಎಚ್.264 ಎಂಬ ಸಂಕೋಚನ ವಿಧಾನ, 10 ಮೆಗಾಬಿಟ್ ದರ ಸಾಕು. ಒಂದು ಗಂಟೆ ಸುಮಾರು 4.5 ಜಿಬಿ ಆಗುತ್ತದೆ. ಅದನ್ನು ಒಪ್ಪಿಗೆ ಕೊಟ್ಟ ಮನೆಗಳಿಗೆ ಪೆನ್‌ಡ್ರೈವಿನಲ್ಲಿ ಕೊಡುತ್ತೇವೆ. ಪೆನ್‌ಡ್ರೈವ್ ಎಫ್‌ಎಟಿ32 ಎಂಬ ಹಳೆಯ ಫೈಲು ವ್ಯವಸ್ಥೆಯದ್ದಾಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಹಿಡಿಯುವುದಿಲ್ಲ, ಅಂಥದಕ್ಕೆ ವಿರಾಮದಲ್ಲಿ ಎರಡಾಗಿ ಕತ್ತರಿಸಿ ಕೊಡುವುದು. ಕಾರ್ಡಿನ ಬೀಗ ತೆಗೆಯುವುದು ಮಾತ್ರ ಎರಡೂ ಪ್ರತಿಗಳನ್ನು ಮೊದಲು, ನಡುವೆ, ಕೊನೆ ಮೂರು ಕಡೆ ಓಡಿಸಿ ನೋಡಿದ ಮೇಲೆ.